ಒಂದೂಕಾಲು ಸೆಕೆಂಡು

ಗಾಡಿ ಓಡಿಸುವವರ ಕಾಲು ಏನು ಮಾಡಲಿದೆ ಎಂಬುದು ಆ ಕಾಲಿಗಿಂತ ಮೊದಲೇ ಗಾಡಿಗೆ ಗೊತ್ತಾದರೆ ಹೇಗೆ? ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಈ ಪ್ರಶ್ನೆ ಎತ್ತಿದವರು ವೇದಾಂತಿಗಳಲ್ಲ. ಪಿಕಪ್ ಗಾಡಿಗಳ ಮೇಲೆ ಬರುತ್ತಿದ್ದ ದೂರುಗಳನ್ನು ಓದಿ ಓದಿ ತಲೆ ಕೆಟ್ಟ ಎಂಜಿನಿಯರುಗಳು.

ದೂರು ಯಾವಾಗಲೂ ಒಂದೇ. ಒತ್ತಿದರೆ ಏಳುವುದಿಲ್ಲ, ಎದ್ದರೆ ನುಗ್ಗುತ್ತದೆ. ಹೈಬ್ರಿಡ್ ಪಿಕಪ್ ಎಂದರೆ ಇಬ್ಬರು ಎಳೆಯುವ ಗಾಡಿ. ಬ್ಯಾಟರಿಯಿಂದ ಓಡುವ ಮೋಟರ್ ಒಂದು, ಡೀಸೆಲ್ ಎಂಜಿನ್ ಇನ್ನೊಂದು. ಪೇಟೆಯ ಗದ್ದಲದಲ್ಲಿ ತೆವಳಲು ಮೋಟರ್ ಸಾಕು. ಎಂಜಿನ್ ಆಗ ಮಲಗಿರುತ್ತದೆ. ಏರು ಬಂದು ಎಕ್ಸಲೇಟರ್ ಒತ್ತಿದಾಗ ಅದು ಎದ್ದು ಬರಬೇಕು. ಆದರೆ ಕರೆದ ಕೂಡಲೇ ಎದ್ದು ಬರುವ ಆಳು ಯಾವ ಮನೆಯಲ್ಲಿದ್ದಾನೆ? ಎಂಜಿನ್ ತಿರುಗಬೇಕು, ಉರಿ ಹತ್ತಬೇಕು, ಅದರ ವೇಗ ಮೋಟರಿನ ವೇಗಕ್ಕೆ ಹೊಂದಬೇಕು, ಆಮೇಲೆ ಕ್ಲಚ್ ಎರಡನ್ನೂ ಜೋಡಿಸಬೇಕು. ಇಷ್ಟಕ್ಕೆ ಒಂದೂಕಾಲು ಸೆಕೆಂಡು ಹಿಡಿಯುತ್ತಿತ್ತು.

ಸಪಾಟು ರಸ್ತೆಯಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ಗೋವೆಯಿಂದ ಬೆಳಗಾವಿಗೆ ಹತ್ತಿ ಬರುವ ಚೋರ್ಲಾ ಘಾಟಿನಲ್ಲಿ, ಬೆನ್ನಿಗೆ ಮಂಜುಗಡ್ಡೆ ಹಾಕಿದ ಮೀನಿನ ಪೆಟ್ಟಿಗೆಗಳನ್ನು ಹೊತ್ತಾಗ ತಿಳಿಯುತ್ತದೆ. ತಿರುವಿನ ನಡುವೆ ಕಾಲು ಒತ್ತಿ, ಗಾಡಿ ಏಳದೆ, ಹಿಂದಕ್ಕೆ ಜಾರುವ ಆ ಒಂದೂಕಾಲು ಸೆಕೆಂಡಿನಲ್ಲಿ ಮನೆದೇವರಿಂದ ಹಿಡಿದು ಕಂಡ ಕಂಡ ದೇವರೆಲ್ಲ ನೆನಪಾಗುತ್ತಾರೆ.

ಚಾಲಕರು ಕಂಪನಿಯ ದಾರಿ ಕಾಯಲಿಲ್ಲ. ತಾವೇ ಒಂದು ಉಪಾಯ ಮಾಡಿಕೊಂಡರು. ತಿರುವು ಇನ್ನೂ ಮುಂದಿರುವಾಗಲೇ ಎಕ್ಸಲೇಟರಿಗೆ ಒಂದು ತಟ್ಟು ತಟ್ಟಿ ಕಾಲು ತೆಗೆಯುವುದು. ಎಂಜಿನ್ ಗುರ್ ಎಂದು ಏಳುತ್ತದೆ. ಕ್ಲಚ್ ಕೂಡುವ ಹೊತ್ತಿಗೆ ಕಾಲು ಮೇಲೆದ್ದಿರುವುದರಿಂದ ಗಾಡಿ ಮುಂದೆ ಜಿಗಿಯುವುದಿಲ್ಲ. ಆಮೇಲೆ ಬೇಕಾದಾಗ ಪೂರ್ತಿ ಒತ್ತಿದರೆ ಬಲ ಕೈಗೆ ಸಿಗುತ್ತದೆ. ಇದಕ್ಕೆ ಅವರು ‘ಎಬ್ಬಿಸೂದು’ ಎನ್ನುತ್ತಿದ್ದರು. ಇದನ್ನು ಮೊದಲು ರೂಢಿ ಮಾಡಿಕೊಂಡು ಉಳಿದವರಿಗೆ ಕಲಿಸಿದವಳು ಕಸ್ತೂರಿ ಅಂಬಿಗೇರ. ಘಾಟಿನ ಗಂಡಸರೆಲ್ಲ ಅವಳನ್ನು ಕಸ್ತೂರಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರೂ ಸಹ.

ಉಪಾಯಕ್ಕೆ ಇನ್ನೊಂದು ಉಪಯೋಗವೂ ಹುಟ್ಟಿತು. ಘಾಟಿನ ಕಾಡಿನಲ್ಲಿ ಹಾರ್ನ್ ಹಾಕುವುದನ್ನು ನಿಷೇಧಿಸಿದ್ದರು. ಪ್ರಾಣಿಗಳಿಗೆ ನೆಮ್ಮದಿಯಾಯಿತು, ಚಾಲಕರಿಗೆ ಫಜೀತಿಯಾಯಿತು. ಮೋಟರಿನ ಮೇಲೆ ಬರುವ ಗಾಡಿಗೆ ಸಪ್ಪಳವಿಲ್ಲ. ತಿರುವಿನಾಚೆ ಯಾರಿದ್ದಾರೆಂದು ಗೊತ್ತಾಗುವುದು ಹೇಗೆ? ಹಾಗಾಗಿ ಒಂದು ಪದ್ಧತಿ ಬಂತು. ತಿರುವಿನ ಬಾಯಿಗೆ ಬಂದವನು ಎರಡು ಸಲ ಎಬ್ಬಿಸಿದರೆ ‘ಬರಲೇನು?’ ಎಂದು ಕೇಳಿದ ಹಾಗೆ. ಆಚೆ ಇದ್ದವನು ಗಾಡಿ ನಿಲ್ಲಿಸಿ ಒಮ್ಮೆ ಎಬ್ಬಿಸಿದರೆ ‘ನಾ ನಿಂತೀನಿ, ಬಾ’ ಎಂದ ಹಾಗೆ. ಉತ್ತರ ಸಿಕ್ಕವನು ಭಯವಿಲ್ಲದೆ ತಿರುವಿಗೆ ನುಗ್ಗುತ್ತಿದ್ದ. ಉತ್ತರ ಬರದಿದ್ದರೆ ಆಚೆ ಯಾರೂ ಇಲ್ಲವೆಂದು ಮೆಲ್ಲಗೆ ಇಳಿಯುತ್ತಿದ್ದ. ಯಾವ ಇಲಾಖೆಯ ಫಲಕದಲ್ಲೂ ಇದು ಬರೆದಿರಲಿಲ್ಲ. ಆದರೆ ಘಾಟಿನಲ್ಲಿ ಇದನ್ನು ಮೀರಿದವನಿಗೆ ಚಹಾದಂಗಡಿಯಲ್ಲಿ ಯಾರೂ ಪಕ್ಕದಲ್ಲಿ ಜಾಗ ಕೊಡುತ್ತಿರಲಿಲ್ಲ.

ಇತ್ತ ಕಾರ್ಖಾನೆಯಲ್ಲಿ ಒಂದೂಕಾಲು ಸೆಕೆಂಡನ್ನು ಕೊಲ್ಲುವ ಕೆಲಸ ನಡೆದಿತ್ತು. ಪ್ರಯೋಗಶಾಲೆಯ ಮುಖ್ಯಸ್ಥೆ ಅನಘಾ ಹುಯಿಲಗೋಳ, ಧಾರವಾಡದವರು, ಮಾತು ಕಡಿಮೆ, ಲೆಕ್ಕ ಜಾಸ್ತಿ. ಅವರ ಕೈಕೆಳಗೆ ಎಂಜಿನ್ ನಿಯಂತ್ರಣ ನೋಡಿಕೊಳ್ಳುತ್ತಿದ್ದವನು ಶಿವಪುತ್ರ ಅಂಬಿಗೇರ, ಕಸ್ತೂರಿಯ ಗಂಡ. ಎಂಜಿನ್ ಇದಕ್ಕಿಂತ ಬೇಗ ಏಳದು ಎಂದು ಖಚಿತವಾದ ಮೇಲೆ ಅನಘಾ ಒಂದು ದಿನ ಹೇಳಿದರು: “ಎಂಜಿನ್ ಲಗೂ ಏಳೂದಿಲ್ಲಂದ್ರ ಲಗೂ ಎಬ್ಬಿಸೋಣ. ಡ್ರೈವರ್ ಒತ್ತೋಕಿಂತ ಮೊದಲ ಎಬ್ಬಿಸೋಣ.”

ಕೇಳಲು ಹುಚ್ಚು, ಆದರೆ ದೇಹದಲ್ಲಿ ಅದಕ್ಕೆ ಆಧಾರವಿದೆ. ಪಾದ ಕೆಳಗಿಳಿಯುವ ಮುಂಚೆ ಮೀನಖಂಡ ಬಿಗಿಯುತ್ತದೆ, ಹಿಮ್ಮಡಿ ನೆಲವನ್ನು ಒಂದಿಷ್ಟು ಒತ್ತುತ್ತದೆ, ಚರ್ಮದಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ. ಘಾಟಿನವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸುವವರಾದ್ದರಿಂದ ಅದನ್ನು ಹಿಡಿಯುವುದು ಇನ್ನೂ ಸುಲಭ. ಹಿಮ್ಮಡಿಯ ಕೆಳಗೆ ಒಂದು ತೆಳ್ಳನೆಯ ಹಾಸು. ಅದು ಕಾಲನ್ನು ಓದುತ್ತದೆ, ಆ ಕಾಲಿನ ರೂಢಿಯನ್ನು ದಿನದಿನಕ್ಕೂ ಕಲಿಯುತ್ತದೆ, ಕಾಲು ಒತ್ತುವ ಹೊತ್ತಿಗೆ ಎಂಜಿನ್ ತಯಾರಿರುತ್ತದೆ. ಕಾಲಿಗೆ ಬುದ್ಧಿ ಹೇಳಿದವರ ಕಥೆ ನಾವೆಲ್ಲ ಕೇಳಿದ್ದೇವೆ. ಕಾಲಿನಿಂದ ಬುದ್ಧಿ ಕೇಳುವ ಯಂತ್ರ ಇದೇ ಮೊದಲು.

ಕಲಿಸಲು ಒಳ್ಳೆಯ ಕಾಲು ಬೇಕಿತ್ತು. ಘಾಟಿನಲ್ಲಿ ಕಸ್ತೂರಿಯದಕ್ಕಿಂತ ಒಳ್ಳೆಯ ಕಾಲು ಇರಲಿಲ್ಲ. ಮೊದಲ ಹಾಸು ಅವಳ ಗಾಡಿಗೇ ಬಿತ್ತು.

ಹಾಸು ಕಳಿಸುವ ಮಾಹಿತಿ ಅಪಾರವಾಗಿತ್ತು, ಇಡಲು ಜಾಗ ಸಾಲದು. ಅನಘಾ, ಶಿವಪುತ್ರ ಮತ್ತು ಉಳಿದವರೆಲ್ಲ ಕೂತು ಒಂದು ಸರಳ ನಿರ್ಧಾರಕ್ಕೆ ಬಂದರು: ಕಾಲು ಆಡಿ ಗಾಡಿ ಮುಂದೆ ಹೋದದ್ದನ್ನು ಇಟ್ಟುಕೊಳ್ಳುವುದು, ಕಾಲು ಆಡಿಯೂ ಗಾಡಿ ಹೋಗದಿದ್ದರೆ ಅದನ್ನು ‘ಖಾಲಿ’ ಎಂದು ತೆಗೆದುಹಾಕುವುದು. ಚಾಲಕ ಸೀಟಿನಲ್ಲಿ ಸರಿದು ಕೂತಿರಬಹುದು, ಸೊಳ್ಳೆ ಕಚ್ಚಿರಬಹುದು, ಅದರಿಂದ ಯಂತ್ರ ಕಲಿಯುವುದೇನಿದೆ? ಎಲ್ಲರಿಗೂ ಇದು ಸರಿ ಎನ್ನಿಸಿತು. ಇಂದಿಗೂ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ.

ಹಾಸು ಗೆದ್ದಿತು. ಒಂದೂಕಾಲು ಸೆಕೆಂಡು ಮಾಯವಾಯಿತು. ಗಾಡಿಗಳು ಹೇಳಿದ ಮಾತು ಕೇಳುವ ಎತ್ತಿನ ಹಾಗೆ ಏರು ಹತ್ತತೊಡಗಿದವು. ಬೇಸಿಗೆ ಕಳೆಯುವಷ್ಟರಲ್ಲಿ ಘಾಟಿನ ಅರ್ಧಕ್ಕರ್ಧ ಪಿಕಪ್‌ಗಳಲ್ಲಿ ಹಾಸು ಬಂತು. ಅದರ ಜೊತೆ ಇನ್ನೊಂದು ರೂಢಿಯೂ ಬಂತು. ಎಲ್ಲಿ ಗಾಡಿಗೆ ಗಾಡಿ ತಾಗಿದರೂ ಪೊಲೀಸರು, ವಿಮೆಯವರು, ಕೊನೆಗೆ ಸುತ್ತ ನೆರೆದ ಜನ, ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ ಆಯಿತು: “ಹಾಸು ಏನ ಹೇಳತೈತಿ?” ಚಾಲಕ ಏನು ಮಾಡಿದ ಎನ್ನುವುದಷ್ಟೇ ಅಲ್ಲ, ಏನು ಮಾಡಬೇಕೆಂದಿದ್ದ ಎನ್ನುವುದೂ ಅದರಲ್ಲಿ ಅಂಕಿಯಾಗಿ ಸಿಗುತ್ತಿತ್ತು. ಮನುಷ್ಯನ ಮನಸ್ಸು ಇಷ್ಟು ಅಗ್ಗಕ್ಕೆ ಸಿಕ್ಕರೆ ಯಾರು ಬಿಡುತ್ತಾರೆ?

ವಡಗಾವಿಯ ಮನೆಯಲ್ಲಿ ಸಂಜೆಯ ಊಟಕ್ಕೆ ಕೂತಾಗ ಕಸ್ತೂರಿ ಒಮ್ಮೆ ಹೇಳಿದಳು: “ಗಾಡಿ ಈಗೀಗ ಭಾಳ ಅವಸರ ಮಾಡಾಕತ್ತೈತ್ರೀ. ಎಬ್ಬಿಸಾಕ ಅಂತ ಸುಮ್ನ ತಟ್ಟಿದ್ರ, ಒಂದ ಗೇಣ ಮುಂದ ಹೋಗೇ ಬಿಡತೈತಿ.”

“ಎಬ್ಬಿಸೂದ ಬಿಡಬೇಕು ನೀ,” ಎಂದ ಶಿವಪುತ್ರ. “ಈಗ ಎಂಜಿನ್ ತಾನೇ ಏಳತೈತಿ. ನಿನ್ನ ಕಾಲಿಗೆ ಮರೆಯಾಕ ಹೇಳು.”

“ನನ್ನ ಕಾಲು ನನ್ನ ಮಾತ ಕೇಳೂದಾದ್ರ ಹೇಳತಿದ್ದೆ.”

ಶಿವಪುತ್ರನ ತಾಯಿ ಫಕೀರವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. “ಯಾವಾಗ ನೋಡಿದ್ರೂ ಗಂಡ ಹೆಂಡ್ತಿ ಕಾಲಿಂದ ಮಾತಾಡ್ತೀರಿ. ಬಾಯಿಂದ ಆಡೂದು ಯಾವಾಗ?”

ಎಲ್ಲರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು. ಮುಗಿಯಬಾರದಿತ್ತು.

ಶ್ರಾವಣಕ್ಕೆ ಮುಂಚೆ, ಒಂದು ಬೆಳಿಗ್ಗೆ, ಕಸ್ತೂರಿ ಮೀನು ಹೇರಿಕೊಂಡು ಘಾಟು ಹತ್ತುತ್ತಿದ್ದಳು. ಹಲಸಿನ ತಿರುವಿನ ಬಾಯಿಯಲ್ಲಿ ಮೇಲಿನಿಂದ ಎರಡು ಸಲ ಎಂಜಿನ್ ಎದ್ದ ಸಪ್ಪಳ ಕೇಳಿಸಿತು. ಗಾಡಿ ನಿಲ್ಲಿಸಿದಳು. ಒಮ್ಮೆ ತಟ್ಟಿದಳು, ‘ನಾ ನಿಂತೀನಿ, ಬಾ’. ಮೇಲಿದ್ದವನು ಖಾನಾಪುರದ ಪುಂಡಲೀಕ, ಗೋವೆಗೆ ಎಲೆಕೋಸು ಒಯ್ಯುವವನು, ಅವಳ ಹತ್ತಿರವೇ ಘಾಟು ಕಲಿತವನು. ಉತ್ತರ ಸಿಕ್ಕಿತೆಂದು ಧೈರ್ಯವಾಗಿ ತಿರುವಿಗೆ ಇಳಿದ. ಇಳಿದರೆ ಎದುರಿಗೆ ಕಸ್ತೂರಿಯ ಗಾಡಿ ರಸ್ತೆಯ ನಡುವೆ ಬಂದು ನಿಂತಿತ್ತು. ಅವಳು ಬ್ರೇಕ್ ಒತ್ತಿದ್ದಳು, ಆದರೆ ಅಷ್ಟರಲ್ಲಿ ಗಾಡಿ ತನ್ನ ಉದ್ದದಷ್ಟು ಮುಂದೆ ಜಿಗಿದಿತ್ತು. ಪುಂಡಲೀಕ ಸ್ಟಿಯರಿಂಗ್ ಎಳೆದ. ಅವನ ಗಾಡಿ ಅಂಚಿನ ಕಟ್ಟೆಗೆ ಗುದ್ದಿ ಮಗ್ಗುಲಾಯಿತು. ಎಲೆಕೋಸುಗಳು ಕಣಿವೆಗೆ ಉರುಳಿದವು. ಪುಂಡಲೀಕನ ತೊಡೆಯ ಎಲುಬು ಮುರಿಯಿತು.

ಹಾಸು ಹೇಳಿದ್ದು ಸ್ಪಷ್ಟವಾಗಿತ್ತು. ಗಾಡಿ ನಿಂತಿತ್ತು, ಕಾಲು ಆಡಿದಾಗ ಮುಂದೆ ಹೋಗುವ ಉದ್ದೇಶ: ನೂರಕ್ಕೆ ತೊಂಬತ್ತೇಳು.

ಹಿಂದೆ ಮಂಜುಗಡ್ಡೆ ಕರಗುತ್ತಿತ್ತು, ಮೀನು ಕೆಡುವ ಭಯ, ಕಾಯುವ ತಾಳ್ಮೆ ತಪ್ಪಿತು ಎಂದು ಕತೆ ತಾನೇ ಕಟ್ಟಿಕೊಂಡಿತು. ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರು, ವಿಚಾರಣೆ ಮುಗಿಯುವ ತನಕ ಎಂದು, ಅವಳ ಲೈಸೆನ್ಸ್ ಹಿಡಿದಿಟ್ಟರು. ತಪ್ಪು ಖಚಿತವಾದರೆ ಅದು ಮರಳಿ ಸಿಗುವುದಿಲ್ಲ.

ಕಸ್ತೂರಿ ಅದಕ್ಕೆ ಅಷ್ಟು ಕಂಗೆಡಲಿಲ್ಲ. ಕಂಗೆಟ್ಟಿದ್ದು ಆಸ್ಪತ್ರೆಯಲ್ಲಿ. ಪುಂಡಲೀಕ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಕ್ಕಾ, ನಾ ಕೇಳಿದೆ. ನೀ ಬಾ ಅಂದಿ. ನಾ ಕಿವಿಯಾರೆ ಕೇಳೀನಿ. ಆಮ್ಯಾಲೆ ಯಾಕ ಬಂದಿ?”

“ನಾ ಬರಲಿಲ್ಲೋ ಪುಂಡಲೀಕಾ. ನಾ ನಿಂತಿದ್ದೆ.”

“ನಿಂತಿದ್ದಿ ಖರೆ. ಆಮ್ಯಾಲೆ ಬರೂ ಮನಸ್ಸ ಮಾಡಿದಿ ಅಂತ ಹಾಸು ಹೇಳತೈತಲ್ಲ.” ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. “ಕರದು ಹೊಡದಂಗ ಆತಲ್ಲ ಅಕ್ಕಾ.”

ಆ ಮಾತು ಘಾಟಿನ ಮೇಲಿಂದ ಕೆಳಗೆ ಒಂದೇ ದಿನದಲ್ಲಿ ಮುಟ್ಟಿತು. ಕರೆದು ಹೊಡೆದವಳು.

ಮನೆಯಲ್ಲಿ ಕಸ್ತೂರಿ ಮೊದಲ ವಾರ ಜಗಳವಾಡಿದಳು. ಎರಡನೆಯ ವಾರ ಸುಮ್ಮನಾದಳು. ಆಮೇಲೆ ಆದದ್ದು ಅದಕ್ಕಿಂತ ಕೆಟ್ಟದ್ದು: ಅವಳಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಎದ್ದು ನಿಂತವಳು ಯಾಕೆ ಎದ್ದೆ ಎಂದು ತಿಳಿಯದೆ ನಿಲ್ಲುತ್ತಿದ್ದಳು. ನೀರಿಗೆ ಎದ್ದಳೋ, ಬಾಗಿಲಿಗೆ ಎದ್ದಳೋ? ಕಾಲಿಗೆ ಗೊತ್ತಿರಬಹುದು, ಅವಳಿಗೆ ಗೊತ್ತಿಲ್ಲ.

“ರೀ, ಖರೆ ಹೇಳ್ರಿ,” ಎಂದು ಒಂದು ದಿನ ಗಂಡನನ್ನು ಕೇಳಿದಳು. “ನನಗ ಗೊತ್ತಾಗಲಾರದಂಗ ನನ್ನೊಳಗ ಹೋಗೂ ಮನಸ್ಸ ಇದ್ದಿರಬಹುದೇನ? ಹಾಸು ಸುಳ್ಳ ಹೇಳಂಗಿಲ್ಲ ಅಂತ ನೀವೇ ಹೇಳತಿದ್ರಿ.”

ಶಿವಪುತ್ರ ತಾಟಿನತ್ತ ಬಗ್ಗಿ ರೊಟ್ಟಿ ಮುರಿದ. ಫಕೀರವ್ವ ಮಾತ್ರ ಸೊಸೆಯ ಪರ ಗಟ್ಟಿಯಾಗಿ ನಿಂತಳು. “ಮನಸ್ಸ ಎದಿಯಾಗ ಇರತೈತಿ ಅಂತ ಕೇಳಿದ್ದೆ. ಹಿಮ್ಮಡ್ಯಾಗ ಇರತೈತಿ ಅಂತ ಹೇಳಾಕ ಇಷ್ಟ ಓದಬೇಕಾತೇನೋ ಶಿವಪುತ್ರ?” ಎಂದಳು. ಅವನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮಾರನೆಯ ದಿನದಿಂದ ಅವನು ಪ್ರಯೋಗಶಾಲೆಯಲ್ಲಿ ಹೆಂಡತಿಯ ಕಾಲನ್ನು ಹುಡುಕತೊಡಗಿದ. ಅವಳ ತಟ್ಟುಗಳೆಲ್ಲ ಪರದೆಯ ಮೇಲೆ ಸಾಲಾಗಿ ನಿಂತವು. ಪ್ರತಿ ತಟ್ಟಿನ ಹಿಂದೆಯೇ ಪೂರ್ತಿ ಒತ್ತು. ತಟ್ಟು, ಒತ್ತು. ತಟ್ಟು, ಒತ್ತು. ತಟ್ಟಿ ಸುಮ್ಮನಾದದ್ದು ಒಂದೂ ಇಲ್ಲ. ಹದಿನೈದು ವರ್ಷದಿಂದ ಘಾಟಿನಲ್ಲಿ ದಾರಿ ಬಿಟ್ಟುಕೊಟ್ಟ ಹೆಂಗಸು ಯಾರಿಗೂ ದಾರಿಯನ್ನೇ ಬಿಟ್ಟಿಲ್ಲವೇ?

ಆಗ ಅವನಿಗೆ ‘ಖಾಲಿ’ ನೆನಪಾಯಿತು. ದಾರಿ ಬಿಟ್ಟುಕೊಡುವಾಗ ಕಾಲು ಆಡುತ್ತದೆ, ಗಾಡಿ ಹೋಗುವುದಿಲ್ಲ. ತಾವು ಕೂತು ಮಾಡಿದ ನಿಯಮದಂತೆ ಅದು ಖಾಲಿ. ಅವಳು ಯಾರಿಗಾಗಿ ಕಾದಳೋ ಅದೆಲ್ಲ ಅಂದಂದೇ ಅಳಿಸಿಹೋಗಿತ್ತು. ಆ ಹಾಸು ಬಲ್ಲ ಕಸ್ತೂರಿ ತಟ್ಟಿದ ಮೇಲೆ ಯಾವಾಗಲೂ ಹೋಗುವವಳು. ಹೇಗೂ ಹೋಗುವವಳನ್ನು ಕಾಯಿಸುವುದೇಕೆ ಎಂದು, ಕಲಿತು ಧೈರ್ಯ ಬಂದ ಹಾಸು, ತಟ್ಟಿದ ಕೂಡಲೇ ಪೂರ್ತಿ ಬಲ ಕೊಟ್ಟಿತ್ತು.

ಅವನು ಅನಘಾ ಅವರ ಕೋಣೆಗೆ ಓಡಿದ. ಅವರು ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀವು ಹೇಳೂದು ಖರೆ ಇರಬಹುದು, ಶಿವಪುತ್ರ. ಆದ್ರ ಸಾಬೀತ ಹೆಂಗ ಮಾಡ್ತೀರಿ? ಖಾಲಿ ಅಂತ ತಗದವರು ನಾವೇ. ಇಲ್ಲದ್ದನ್ನ ತೋರಸಲಿಕ್ಕೆ ಬರತದೇನು?”

“ಅದೇ ತಿರುವಿನಾಗ ಆಕಿ ಕಡಿಂದ ಮತ್ತ ಒಮ್ಮೆ ತಟ್ಟಸೋಣ್ರಿ.”

“ತಟ್ಟತಾಳ, ಗಾಡಿ ಜಿಗಿತದ, ಹಾಸು ಮತ್ತ ತೊಂಬತ್ತೇಳು ಅಂತದ. ಈ ಸಲನೂ ಬೇಕಂತ ಒತ್ತಿದಳು ಅಂದ್ರ? ಆಕಿ ಏನ ಮಾಡಿದ್ರೂ ಉದ್ದೇಶ ಆಕಿದೇ ಅಂತ ಬರತದ.”

ಶಿವಪುತ್ರ ಹೇಳಿದ: “ಆಕಿ ಯಾರ ಮ್ಯಾಲೂ ಗಾಡಿ ಹಾಯಿಸಬಹುದು ಅಂತ ಜನ ನಂಬ್ಯಾರ. ನನ್ನ ಮ್ಯಾಲೆ ಹಾಯಿಸತಾಳ ಅಂತ ನಂಬೂದಿಲ್ಲಲ್ರಿ? ಎದುರಿನ ಗಾಡಿ ನಾ ತರತೀನಿ.”

ಅನಘಾ ಬೇಡವೆಂದರು. ಕಂಪನಿಯ ಚಾಲಕರನ್ನು ಕೇಳಿ ನೋಡಿದರು, ಘಾಟಿನವರನ್ನೂ ಕೇಳಿಸಿದರು. ಕಸ್ತೂರಕ್ಕನ ಎದುರಿಗೆ ಇಳಿಯಲು ಒಬ್ಬನೂ ಒಪ್ಪಲಿಲ್ಲ. ಕೊನೆಗೆ, ಗಾಡಿ ಜಿಗಿದರೂ ತಾಗದಷ್ಟು ದೂರದಲ್ಲಿ ನಿಲ್ಲಬೇಕು ಎಂಬ ಕರಾರಿನ ಮೇಲೆ ಶಿವಪುತ್ರನೇ ಬರಲೆಂದು ಅನಘಾ ಒಪ್ಪಿದರು. ಕಸ್ತೂರಿಗೆ ಎದುರಿನ ಚಾಲಕ ಯಾರೆಂದು ಹೇಳಲಿಲ್ಲ.

ಪರೀಕ್ಷೆಯ ದಿನ ಘಾಟಿನಲ್ಲಿ ಮಂಜು ಸರಿದು ಬಿಸಿಲು ಬಿದ್ದಿತ್ತು. ಹಲಸಿನ ತಿರುವಿನ ಕೆಳಗೆ ಕಸ್ತೂರಿಯ ಗಾಡಿ ಅದೇ ಭಾರ ಹೊತ್ತು ನಿಂತಿತ್ತು. ಹಿಂದೆ ಇನ್‌ಸ್ಪೆಕ್ಟರ ಜೀಪು. ಅದರ ಹಿಂದಿನ ಸೀಟಿನಲ್ಲಿ ಸಾಕ್ಷಿಯಾಗಿ ಪುಂಡಲೀಕ, ಪಕ್ಕದಲ್ಲಿ ಅವನ ಊರುಗೋಲು. ಕಸ್ತೂರಿಯ ಕಡೆ ಅವನು ನೋಡಲಿಲ್ಲ. ಅವರ ಹಿಂದೆ, ದಾರಿ ಬಿಡುವುದನ್ನು ಕಾಯುತ್ತಾ ಬೇರೆ ಗಾಡಿಗಳ ಸಾಲು ಬೆಳೆಯತೊಡಗಿತು. ಕಸ್ತೂರಿ ಹಾಸಿನ ಮೇಲೆ ಹಿಮ್ಮಡಿ ಇಟ್ಟು ಕೂತಳು. ಅನಘಾ ಕಿಟಕಿಯ ಹತ್ತಿರ ಬಂದು ನಿಂತರು.

“ಮ್ಯಾಲಿನ ಗಾಡ್ಯಾಗ ಯಾರದಾರ್ರೀ?” ಎಂದು ಕಸ್ತೂರಿ ಕೇಳಿದಳು.

ಅನಘಾ ಸುಳ್ಳು ಹೇಳುವುದನ್ನು ಕಲಿತವರಲ್ಲ. “ನಿಮ್ಮ ಯಜಮಾನರು.”

ಅಷ್ಟರಲ್ಲಿ ತಿರುವಿನಾಚೆಯಿಂದ ಎಂಜಿನ್ ಎರಡು ಸಲ ಎದ್ದಿತು. ಬರಲೇನು?

ಕಸ್ತೂರಿ ಎರಡೂ ಕಾಲುಗಳನ್ನು ಮೇಲಕ್ಕೆತ್ತಿ ಸೀಟಿನ ಮೇಲೆ ಮಡಚಿಕೊಂಡಳು. ಸೀರೆಯ ಸೆರಗನ್ನು ಕಾಲಿಗೆ ಸುತ್ತಿ ಎರಡೂ ಕೈಯಿಂದ ಹಿಡಿದು ಕೂತಳು.

ಮತ್ತೆ ಎರಡು ಸಲ ಎಂಜಿನ್ ಎದ್ದಿತು. ಆಚೆ ಅವಳಿದ್ದಾಳೆಂದು ಗೊತ್ತಿದ್ದೂ ಉತ್ತರವಿಲ್ಲದೆ ಇಳಿಯುವಂತಿಲ್ಲ. ಶಿವಪುತ್ರ ಅಲ್ಲೇ ನಿಂತ.

“ತಟ್ಟರಿ ಕಸ್ತೂರಿ,” ಎಂದರು ಅನಘಾ. “ಅವರು ದೂರ ಇದ್ದಾರ. ಏನೂ ಆಗೂದಿಲ್ಲ. ಗಾಡಿ ತಾನೇ ಜಿಗಿತದ ಅಂತ ತೋರಸಲಿಕ್ಕೇ ನಾವು ಬಂದದ್ದು.”

“ಗಾಡಿ ಜಿಗೀತೈತೋ, ನಾ ಜಿಗೀತೀನೋ, ಅದೇ ನನಗ ಗೊತ್ತಿಲ್ಲರೀ,” ಎಂದಳು ಕಸ್ತೂರಿ. “ನನ್ನೊಳಗ ಅಂಥಾದ್ದು ಇದ್ರ? ಲೈಸೆನ್ಸ್ ಹೋಗಲಿ. ಕರದು ಹೊಡದಾಕಿ ಅಂತ ಬರಕೊಳ್ರಿ. ಮುಗಸರಿ.”

ತೊಂಬತ್ತೇಳರಂಥ ಅಂಕಿಯನ್ನು ಅನಘಾ ಎಷ್ಟೋ ಸಭೆಗಳಲ್ಲಿ ಹೆಮ್ಮೆಯಿಂದ ತೋರಿಸಿದ್ದರು. ಈಗ ಅದರ ಎದುರಿಗೆ ಕಾಲು ಮಡಚಿ ಕೂತ ಹೆಂಗಸನ್ನು ನೋಡಿ ಅವರಿಗೆ ನಾಚಿಕೆಯಾಯಿತು.

ಇನ್‌ಸ್ಪೆಕ್ಟರು ಚಾಲಕಿ ಸ್ಪಂದಿಸಲಿಲ್ಲ ಎಂದು ಬರೆದುಕೊಂಡರು. ಕೆಳಗೆ ಗಾಡಿಗಳ ಸಾಲು ಬೆಳೆದಿತ್ತು. ಮೇಲಿನ ಗಾಡಿ ಹಿಂದಕ್ಕೆ ಹೋಗಿ ಅಗಲದ ಜಾಗದಲ್ಲಿ ನಿಲ್ಲಲಿ, ಈ ಗಾಡಿ ಹತ್ತಿ ಹೋಗಲಿ ಎಂದು ಫೋನಿನಲ್ಲಿ ಹೇಳಿದರು. ಶಿವಪುತ್ರ ಹಿಂದೆ ಸರಿದ. ಎದುರಿಗೆ ದಾರಿ ಖಾಲಿಯಾಯಿತು ಎಂದು ಖಚಿತ ಮಾಡಿಕೊಂಡ ಮೇಲೆ ಕಸ್ತೂರಿ ಕಾಲು ಇಳಿಸಿದಳು. ಎಂದಿನಂತೆ ಅವಳ ಪಾದ ಮೊದಲು ಎಬ್ಬಿಸಲು ತಟ್ಟಿತು.

ಎಂಜಿನ್ ಎದ್ದದ್ದು, ಗಾಡಿ ಜಿಗಿದದ್ದು ಒಂದೇ ಕ್ಷಣದಲ್ಲಿ ನಡೆಯಿತು. ಅನಘಾ ಹಿಂದಕ್ಕೆ ಹಾರಿದರು. ಕಸ್ತೂರಿ ಬ್ರೇಕ್ ಒತ್ತಿ ಸ್ಟಿಯರಿಂಗಿನ ಮೇಲೆ ತಲೆ ಇಟ್ಟಳು.

ಜೀಪಿನಿಂದ ಪುಂಡಲೀಕ ಕೂಗಿದ: “ಇದೇ! ಸಾಹೇಬ್ರ, ಇದೇ ಸಪ್ಪಳ!”

ಊರುಗೋಲು ಹುಡುಕುವಷ್ಟು ತಾಳ್ಮೆ ಅವನಿಗಿರಲಿಲ್ಲ. ಬಾಗಿಲು ಹಿಡಿದು ಒಂಟಿ ಕಾಲಲ್ಲಿ ಇಳಿದು ನಿಂತ. “ನನ್ನ ಹೇಳಿಕಿ ತಿದ್ದರಿ. ಆಕಿ ಬಾ ಅಂದಳು, ಆಮ್ಯಾಲೆ ನುಗ್ಗಿದಳು ಅಂದಿದ್ನಲ್ಲ, ಅದ ತಪ್ಪ. ಆಮ್ಯಾಲೆ ಅನ್ನೂದೇ ಇದ್ದಿದ್ದಿಲ್ರಿ.”

“ಅಂದ್ರ?” ಎಂದರು ಇನ್‌ಸ್ಪೆಕ್ಟರು.

“ಹಳೇ ಗಾಡ್ಯಾಗ ಗುರ್ ಅಂದ ಮ್ಯಾಲೆ ಒಂದ ಉಸರ ಬಿಡೂವಷ್ಟ ಹೊತ್ತ ಇರತಿತ್ರಿ. ವರ್ಷಾನಗಟ್ಟಲೆ ಅದನ್ನೇ ಕೇಳಿದ ಕಿವಿ ಇದು. ಅವತ್ತೂ ಇತ್ತು ಅಂತ ನಾನೇ ನೆನಪಿನ್ಯಾಗ ತುಂಬಕೊಂಡೀನಿ. ಈಗ ಕೇಳಿದ ಮ್ಯಾಲೆ ಗೊತ್ತಾತು. ಅವತ್ತ ಎದ್ದದ್ದೂ ಜಿಗಿದದ್ದೂ ಒಂದೇ ಸಪ್ಪಳ, ಈಗ ಆದಂಗ. ಬಾ ಅಂದು, ಮನಸ್ಸ ತಿರುಗಿಸಿ, ಮತ್ತ ನುಗ್ಗಾಕ ಮನಷ್ಯಾಗ ಹೊತ್ತ ಬೇಕಲ್ರಿ? ಆಕಿಗೆ ಹೊತ್ತರ ಎಲ್ಲಿತ್ತು?”

“ಮೊದಲಿಂದನೇ ಹೋಗೂ ಮನಸ್ಸ ಇದ್ರ?”

“ಹೋಗೂ ಮನಸ್ಸಿದ್ದಾಕಿ ಏರಿನ್ಯಾಗ ಭಾರದ ಗಾಡಿ ನಿಲ್ಲಸತಾಳೇನ್ರಿ? ನಿಂತಿದ್ದಳು ಅಂತ ಹಾಸೇ ಹೇಳೈತಿ.”

ಇನ್‌ಸ್ಪೆಕ್ಟರು ಅನಘಾ ಅವರ ಮುಖ ನೋಡಿದರು. ಅನಘಾ ತಲೆಯಾಡಿಸಿದರು. “ಅವರು ಹೇಳೂದು ಖರೆ ಅದ. ಮನಸ್ಸು ಬದಲಾಗಲಿಕ್ಕೆ ಬೇಕಾಗೋ ಹೊತ್ತನ್ನ ನಾವೇ ತಗದುಬಿಟ್ಟೇವಿ. ಕಾಲು ಏನ ಕೇಳ್ತು, ಗಾಡಿ ಏನ ಮಾಡ್ತು, ಎರಡೂ ಬ್ಯಾರೆ. ಬರದು ಕೊಡತೀನಿ, ನನ್ನ ಸಹಿ ಹಾಕಿ.” ಆ ಸಹಿಯಿಂದ ತಮ್ಮ ಕಂಪನಿಗೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೂಗು ಕೇಳಿ ಶಿವಪುತ್ರ ಗಾಡಿ ಬಿಟ್ಟು ತಿರುವಿನಿಂದ ಓಡಿ ಬಂದ. ವಿಷಯ ತಿಳಿದವನೇ ಕಸ್ತೂರಿಯ ಗಾಡಿಯ ಬಾಗಿಲು ತೆಗೆದ. ಅವಳು ತಲೆ ಎತ್ತಿರಲಿಲ್ಲ.

“ಕೇಳಿದೇನ ಕಸ್ತೂರಿ? ಅದು ನೀ ಅಲ್ಲ.”

“ಅವರೆಲ್ಲ ಹೇಳತಾರ,” ಎಂದಳು ಅವಳು. “ನನಗ ಹ್ಯಾಂಗ ಗೊತ್ತಾಗಬೇಕು?”

ಅವನು ಬಗ್ಗಿ ಅವಳ ಹಿಮ್ಮಡಿಯನ್ನು ಒಂದು ಕೈಯಿಂದ ಎತ್ತಿ, ಇನ್ನೊಂದು ಕೈಯಿಂದ ಹಾಸನ್ನು ತಂತಿಸಮೇತ ಕಿತ್ತ. ಎರಡು ವರ್ಷ ಊಟ ನಿದ್ದೆ ಬಿಟ್ಟು ಮಾಡಿದ ವಸ್ತು. ರಸ್ತೆಯ ಬದಿಗೆ ಎಸೆದ. ಹಾಸಿಲ್ಲದಿದ್ದರೆ ಗಾಡಿ ಮೊದಲಿನ ಗಾಡಿ, ಒತ್ತಿದರೆ ಏಳಲು ಅದಕ್ಕೆ ಹೊತ್ತು ಬೇಕು. ಆಮೇಲೆ ಯಾರನ್ನೂ ಕೇಳದೆ ತಿರುವು ಹತ್ತಿ ಮರೆಯಾದ. “ಎಲ್ಲಿಗೆ ಹೊಂಟ್ರಿ?” ಎಂದು ಇನ್‌ಸ್ಪೆಕ್ಟರು ಕೂಗಿದರು. ಅನಘಾ ಇನ್‌ಸ್ಪೆಕ್ಟರ ತೋಳು ಹಿಡಿದು ತಡೆದರು.

ಅವನು ಏನು ಮಾಡಲಿದ್ದಾನೆಂದು ಕಸ್ತೂರಿಗೆ ತಿಳಿಯಿತು. ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು ತಿರುವಿನ ಬಾಯಿಯಲ್ಲಿ, ಅಂಚಿಗೆ ನಿಲ್ಲಿಸಿದಳು.

ಮೇಲಿನಿಂದ ಎರಡು ಸಲ ಎಂಜಿನ್ ಎದ್ದಿತು.

ಪುಂಡಲೀಕ ಜೀಪಿಗೆ ಒರಗಿ ನಿಂತು ಅವಳನ್ನೇ ನೋಡುತ್ತಿದ್ದ. ಕಸ್ತೂರಿ ಕಾಲು ಇಳಿಸಿದಳು, ತಟ್ಟಿದಳು, ತೆಗೆದಳು. ಎಂಜಿನ್ ತಡವರಿಸಿ ತಿರುಗಿ ಗುರ್ ಎಂದು ಎದ್ದಿತು. ಗಾಡಿ ಅಲುಗಲಿಲ್ಲ.

ಶಿವಪುತ್ರ ಘಾಟು ಬಲ್ಲ ಚಾಲಕನಲ್ಲ. ಬ್ರೇಕ್ ಒತ್ತಿ ಬಿಟ್ಟು ಮಾಡುತ್ತಾ, ಅಗತ್ಯಕ್ಕಿಂತ ಜೋರಾಗಿ, ಕಟ್ಟೆಯಿಂದ ದೂರವಿರಬೇಕೆಂದು ಅವಳ ಗಾಡಿಗೇ ತೀರ ಸಮೀಪವಾಗಿ ಇಳಿದು ಬಂದ. ಎರಡು ಗಾಡಿಗಳ ಕನ್ನಡಿಗಳು ಒಂದಕ್ಕೊಂದು ಸವರಿದವು. ಅವನು ದಾಟಿ ಹೋಗುವ ತನಕ ಕಸ್ತೂರಿ ತನ್ನ ಪಾದವನ್ನೇ ನೋಡುತ್ತಿದ್ದಳು. ಅದು ಎಕ್ಸಲೇಟರಿನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಇತ್ತು.

“ನಾ ನಿಂತೀನಿ,” ಎಂದಳು ಜೋರಾಗಿ. ಅತ್ತಳು. “ನೋಡ್ರಿ, ನಾ ನಿಂತೀನಿ.”